ಒಂದೇ ತೊಟ್ಟಿಯ ಬಣ್ಣದ ಮೀನು: ನಾಲ್ಕು ದಪ್ಪ, ಉಳಿದವು ಸಣ್ಣ ಯಾಕೆ?

ಚನ್ನರಾಯನದುರ್ಗ, ಮಧುಗಿರಿ, ಶಿರಾ ಕಡೆಯ ಹುಡುಗರು ನನಗೆ ವಾಟ್ಸಾಪ್‌ನಲ್ಲಿ ಮೀನಿನ ಫೋಟೊ ಕಳಿಸ್ತಿರ್ತಾರೆ. ಫೋಟೊ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಎಲ್ಲಾ ಒಂದೇ ದಿನ ಬಿಟ್ಟ ಮರಿಗಳು. ನಾಲ್ಕು ದಪ್ಪ ಆಗಿವೆ, ಉಳಿದವು ಬಿಟ್ಟಾಗ ಹೇಗಿದ್ವೋ ಹಾಗೇ ಇವೆ. ಮರಿ ಕೊಟ್ಟವರು ಮೋಸ ಮಾಡಿದ್ರಾ?"

ಬಹುಪಾಲು ಸಲ ಮೋಸ ಆಗಿರಲ್ಲ. ಆದರೆ ನಷ್ಟ ಆಗೋದಂತೂ ನಿಜ. ಅಕ್ವೇರಿಯಂ ಅಂಗಡಿಯವರು ಸೈಜ್ ನೋಡಿ ರೇಟು ಹೇಳ್ತಾರೆ. ಮೂರು ತಿಂಗಳು ಫೀಡ್ ಹಾಕಿ, ಕರೆಂಟ್ ಬಿಲ್ ಕಟ್ಟಿ, ಕೊನೆಗೆ ತೊಟ್ಟಿಯ ಮುಕ್ಕಾಲು ಪಾಲು ಮೀನು ಮಾರಾಟದ ಸೈಜಿಗೆ ಬರದಿದ್ದರೆ ಕೈಯಲ್ಲಿ ಉಳಿಯೋದೇನು?

ಮೊದಲು ಒಂದು ಕೆಲಸ ಮಾಡಿ. ಫೀಡ್ ಹಾಕಿದ ತಕ್ಷಣ ಮೊಬೈಲ್ ಸ್ಟ್ಯಾಂಡಿಗಿಟ್ಟು ಹತ್ತು ನಿಮಿಷ ವಿಡಿಯೊ ತೆಗೀರಿ. ನೀವು ದೂರ ನಿಲ್ಲಿ, ಹತ್ತಿರ ಇದ್ದರೆ ಮೀನು ನಿಮ್ಮನ್ನೇ ನೋಡ್ತವೆ. ಆಮೇಲೆ ವಿಡಿಯೊ ನೋಡಿದರೆ ಅರ್ಧ ಉತ್ತರ ಅದರಲ್ಲೇ ಇರುತ್ತೆ. ಫೀಡ್ ಬಿದ್ದ ಮೂಲೆಯನ್ನ ಒಂದೋ ಎರಡೋ ಮೀನು ಹಿಡಿದುಕೊಂಡು, ಹತ್ತಿರ ಬಂದದ್ದನ್ನೆಲ್ಲ ಅಟ್ಟುತ್ತಿರುತ್ತವೆ. ಸಣ್ಣವು ಪೈಪಿನ ಹಿಂದೆ ರೆಕ್ಕೆ ಮುದುರಿಕೊಂಡು ನಿಂತಿರುತ್ತವೆ, ಕೆಲವಕ್ಕೆ ಬಾಲದ ಅಂಚು ಹರಿದಿರುತ್ತೆ. ಹೊಟ್ಟೆಗೆ ಬೀಳೋದು ಕಮ್ಮಿ, ಬಿದ್ದದ್ದರಲ್ಲೂ ಒಂದು ಪಾಲು ಓಡೋದಕ್ಕೆ, ಹೆದರಿಕೆಗೇ ಖರ್ಚಾಗುತ್ತೆ. ಹೀಗೆ ಮೊದಲ ವಾರದ ಕೂದಲೆಳೆಯಷ್ಟು ವ್ಯತ್ಯಾಸ ಎರಡನೇ ತಿಂಗಳಿಗೆ ದುಪ್ಪಟ್ಟಾಗಿರುತ್ತೆ. ಏಂಜೆಲ್ ಮೀನಿನಲ್ಲಿ ಇದು ಬಲು ಜೋರು, ಯಾಕಂದ್ರೆ ಅದು ಸಿಕ್ಲಿಡ್ ಜಾತಿ, ಜಾಗಕ್ಕಾಗಿ ಕಾದಾಡೋದು ಅದರ ರಕ್ತದಲ್ಲೇ ಇದೆ.

ಆ ಪುಂಡನನ್ನ ಹಿಡಿದು ಆಚೆ ಹಾಕಿದರೆ ಆಯ್ತಲ್ಲ ಅಂತ ಕೇಳ್ತಾರೆ. ಆಗಲ್ಲ. ಎರಡು ದಿನದಲ್ಲಿ ಎರಡನೇ ನಂಬರಿನವನು ಆ ಜಾಗಕ್ಕೆ ಬಂದಿರ್ತಾನೆ. ಸೈಜಿನ ಪ್ರಕಾರ ಬೇರ್ಪಡಿಸೋದೇ ದಾರಿ. ಎರಡು–ಮೂರು ವಾರಕ್ಕೊಮ್ಮೆ, ಬೆಳಿಗ್ಗೆ ಫೀಡ್ ಹಾಕೋ ಮೊದಲು, ಮೆದು ಬಲೆಯಲ್ಲಿ ಹಿಡಿದು ದೊಡ್ಡದು, ಮಧ್ಯಮ, ಸಣ್ಣದು ಅಂತ ಮೂರು ತೊಟ್ಟಿಗೆ ಬಿಡಿ. ಇದಕ್ಕೆ ಯಂತ್ರ ಗಿಂತ್ರ ಬೇಡ. ಬಿಳಿ ಬೇಸಿನ್ನಿನಲ್ಲಿ ಹಾಕಿದರೆ ಕಣ್ಣಿಗೇ ಗೊತ್ತಾಗುತ್ತೆ. ಫೀಡನ್ನ ಒಂದೇ ಸಲ ಸುರಿಯದೆ ಮೂರು–ನಾಲ್ಕು ಸಲ ಮಾಡಿ, ತೊಟ್ಟಿಯ ಉದ್ದಕ್ಕೂ ಚೆಲ್ಲಿ. ಪುಂಡನೊಬ್ಬ ನಾಲ್ಕು ಮೂಲೆ ಕಾಯೋಕಾಗಲ್ಲ. ಒಡೆದ ಹೂಕುಂಡ, ಪಿವಿಸಿ ಪೈಪಿನ ತುಂಡು, ಹಳೇ ಹೆಂಚು ಇಟ್ಟರೆ ಮೀನಿಗೆ ಮೀನು ಕಾಣೋದು ತಪ್ಪುತ್ತೆ, ಅಟ್ಟಾಡಿಸೋದೂ ಕಮ್ಮಿಯಾಗುತ್ತೆ. ಏಂಜೆಲ್ ಮರಿ ಎರಡೇ ಮೂರೇ ಬಿಡಬೇಡಿ, ಏಟೆಲ್ಲಾ ಒಂದರ ಮೇಲೇ ಬೀಳುತ್ತೆ. ಆರರ ಮೇಲಿದ್ದರೆ ಹಂಚಿಹೋಗುತ್ತೆ. ಫೈಟರ್ ಗಂಡಿಗೆ ಮಾತ್ರ ಈ ಲೆಕ್ಕ ನಡೆಯಲ್ಲ, ಕಾದಾಡೋಕೆ ಶುರುಮಾಡಿದ ಕೂಡಲೇ ಒಂದೊಂದಕ್ಕೂ ಬೇರೆ ಬಾಟಲಿ.

ಹಾಗಂತ ಜಗಳ ಕಮ್ಮಿ ಆಗಲಿ ಅಂತ ಮೀನು ತುಂಬಿಸಿದರೆ ನೀರು ಕೆಡುತ್ತೆ. "ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ" ಅಂತ ಮಾತಿದೆಯಲ್ಲ, ಅದು ಪೂರ್ತಿ ಸರಿಯಲ್ಲ. ಬೆಳವಣಿಗೆ ಹಿಡಿಯೋದರಲ್ಲಿ ಗೋಡೆಗಿಂತ ದೊಡ್ಡ ಪಾತ್ರ ನೀರಿನಲ್ಲಿ ಸೇರಿಕೊಂಡ ಮೀನಿನ ಗಲೀಜಿನದು. ಮೀನು ಹೊರಹಾಕೋ ಅಮೋನಿಯಾ ಎಲ್ಲವೂ ಒಂದೇ ತರ ವಿಷ ಅಲ್ಲ, ಎಷ್ಟು ಭಾಗ ವಿಷ ಅನ್ನೋದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ನೂರರಲ್ಲಿ ಒಂದು ಭಾಗಕ್ಕಿಂತ ಕಮ್ಮಿ, ಪಿಎಚ್ 8 ಇದ್ದರೆ ಸುಮಾರು 5 ಭಾಗ, 8.5ಕ್ಕೆ ಸುಮಾರು 15 ಭಾಗ. ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆಯಲ್ಲಿ ಬಿಳೀ ಪದರ ಕಟ್ಟೋ ನೀರಿನ ಪಿಎಚ್ ಏಳರ ಮೇಲೇ ಇರೋದು ಜಾಸ್ತಿ. ಮಳೆ ನೀರಿನಲ್ಲಿ ಸಾಕುವವರಿಗೆ ನಡೆಯೋ ಸಾಂದ್ರತೆ ನಮಗೆ ನಡೆಯದಿರೋದು ಇದಕ್ಕೇ. ಯೂಟ್ಯೂಬ್ ನೋಡಿ ಲೀಟರಿಗೆ ಇಷ್ಟು ಮೀನು ಅಂತ ಲೆಕ್ಕ ಹಾಕೋ ಮೊದಲು ಪಿಎಚ್ ಮತ್ತು ಅಮೋನಿಯಾ ಕಿಟ್ ತಗೊಳ್ಳಿ, ಆ ದುಡ್ಡು ದಂಡ ಅಲ್ಲ.

ವಾರಕ್ಕೊಮ್ಮೆ ಕಾಲು ಭಾಗದಷ್ಟಾದರೂ ನೀರು ಬದಲಿಸಿ. ಬೋರಿನಿಂದ ಬಂದ ನೀರಿನಲ್ಲಿ ಆಮ್ಲಜನಕ ಕಮ್ಮಿ, ನೇರ ಬಿಡದೆ ಡ್ರಮ್ಮಿಗೆ ಹಿಡಿದು ರಾತ್ರಿಯಿಡೀ ಏರ್‌ಸ್ಟೋನ್ ಹಾಕಿ. ತೆಗೆದ ಹಳೇ ನೀರು ಅಡಿಕೆ ಸಸಿಗೋ ಸೊಪ್ಪಿನ ಮಡಿಗೋ ಹೋಗಲಿ, ಅದರಲ್ಲಿ ಸಾರಜನಕ ಇದೆ. ಗಡಸು ನೀರಿಗೆ ಮೋಲಿ, ಗಪ್ಪಿ, ಸ್ವೋರ್ಡ್‌ಟೇಲ್, ಪ್ಲಾಟಿ ಚೆನ್ನಾಗಿ ಒಗ್ಗುತ್ತವೆ. ಡಿಸ್ಕಸ್ ಆಸೆ ಬಿಡಿ.

ಇನ್ನು ಸಣ್ಣದೆಲ್ಲಾ ಕುಂಠಿತವಾದದ್ದೇ ಅಂತಲೂ ಅಲ್ಲ. ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಲ್ಲಿ ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚುಕಮ್ಮಿ ಬೆಳೆಯೋದೇ ನಿಲ್ಲುತ್ತೆ. ಹೊಟ್ಟೆಯ ಹಿಂದಿನ ಕೆಳ ರೆಕ್ಕೆ ಬೀಸಣಿಗೆಯಂತಿದ್ದದ್ದು ಕಡ್ಡಿಯಂತಾದರೆ ಪ್ರಾಯಕ್ಕೆ ಬಂತು ಅಂತ ಲೆಕ್ಕ. ಬೇಗ ಬಂದ ಗಂಡು ಸಣ್ಣದಾಗೇ ಉಳಿಯುತ್ತೆ. ಅದಕ್ಕೆ ಇನ್ನೂ ಎರಡು ತಿಂಗಳು ಫೀಡ್ ಹಾಕಿ ಕಾಯೋದು ವ್ಯರ್ಥ, ಮಾರಿಬಿಡಿ. ಪ್ಲಾಟಿಯಲ್ಲಿ ಒಂದು ತಮಾಷೆ ಇದೆ. ಪ್ರಾಯದ ಜೋರು ಗಂಡು ಎದುರಿಗಿದ್ದರೆ ಎಳೇ ಗಂಡುಗಳು ಪ್ರಾಯಕ್ಕೆ ಬರೋದನ್ನೇ ಮುಂದೂಡ್ತವೆ, ಹಾಗೆ ತಡವಾಗಿ ಬಂದದ್ದು ಕೊನೆಗೆ ದೊಡ್ಡ ಗಂಡಾಗುತ್ತೆ. ಅದಕ್ಕೇ ತಳಿಗೆ ಗಂಡು ಆರಿಸುವಾಗ ಮೊದಲು ಬಣ್ಣ ತೋರಿಸಿದವನಿಗೆ ಮರುಳಾಗಬೇಡಿ.

ನಿಜವಾಗಿ ಹಸಿದು ಸೊರಗಿದ ಮರಿ ಮತ್ತೆ ಬೆಳೆಯುತ್ತಾ? ಪಾವಗಡದ ಆಚೆ ಆಂಧ್ರ ಇದೆಯಲ್ಲ, ಅದರ ಕರಾವಳಿಯ ಗೋದಾವರಿ, ಕೃಷ್ಣಾ ಸೀಮೆಯ ಮೀನು ರೈತರನ್ನ ನೋಡಿ. ಅವರು ಕಾಟ್ಲಾ, ರೋಹು ಮರಿಗಳನ್ನ ಬೇಕಂತಲೇ ಒತ್ತೊತ್ತಾಗಿ, ಕಮ್ಮಿ ಮೇವಿನಲ್ಲಿ ತಿಂಗಳುಗಟ್ಟಲೆ ಹಿಡಿದಿಟ್ಟು, ಆಮೇಲೆ ದೊಡ್ಡ ಕೊಳಕ್ಕೆ ಬಿಡ್ತಾರೆ. ಜಾಗ, ಮೇವು ಸಿಕ್ಕ ಕೂಡಲೇ ಅವು ಸರಸರ ಬೆಳೀತವೆ. ಪ್ರಾಯಕ್ಕೆ ಬಾರದ ಅಕ್ವೇರಿಯಂ ಮರಿಗೂ ಈ ಗುಣ ಇದೆ. ಬೇರೆ ತೊಟ್ಟಿಗೆ ಹಾಕಿ ಮೂರು ವಾರ ಚೆನ್ನಾಗಿ ತಿನ್ನಿಸಿ ನೋಡಿ. ನಮ್ಮ ಕೆರೆಗಳ ಜಿಲೇಬಿ ಮೀನು ಇದಕ್ಕೆ ಉಲ್ಟಾ: ಒತ್ತೊತ್ತಾದ ಕಡೆ ಸಣ್ಣದಿರುವಾಗಲೇ ಮರಿ ಹಾಕೋಕೆ ಶುರುಮಾಡಿ, ಕೆರೆಯೆಲ್ಲಾ ಅಂಗೈಯಗಲದ ಮೀನೇ ಆಗಿಬಿಡುತ್ತೆ.

ಮೂರು ವಾರ ತಿಂದರೂ ಹೊಟ್ಟೆ ಒಳಕ್ಕೇ ಇದ್ದರೆ, ಬೆನ್ನು ಡೊಂಕಾದರೆ, ಅದು ಜಗಳದ ಕಥೆಯಲ್ಲ, ರೋಗವೋ ತಳಿಯ ದೋಷವೋ ಇರಬಹುದು. ಅಂಥದನ್ನ ತಿರುಗಿ ದೊಡ್ಡ ತೊಟ್ಟಿಗೆ ಸೇರಿಸಬೇಡಿ. ಹೆಸರಘಟ್ಟದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ, ಮೊದಲೇ ವಿಚಾರಿಸಿ ಹೋಗಿ ತೋರಿಸಿ. ಸತ್ತ ಮೀನು ಒಯ್ಯಬೇಡಿ. ಜೀವ ಇರೋ ಎರಡು ಮೂರು ಮೀನನ್ನ ತೊಟ್ಟಿಯ ನೀರಿನಲ್ಲೇ, ಮುಕ್ಕಾಲು ಪಾಲು ಗಾಳಿ ತುಂಬಿದ ಚೀಲದಲ್ಲಿ ತಗೊಂಡು, ಜೊತೆಗೆ ತೊಟ್ಟಿಯ ನೀರನ್ನೇ ಒಂದು ಲೀಟರ್ ಬಾಟಲಿಯಲ್ಲಿ ಬೇರೆ ತುಂಬಿಕೊಂಡು ಹೋಗಿ.