ಬಂದರಿನಲ್ಲಿ ನಿಂತ ದಾರಂದ

ಮೂಡುಬಿದಿರೆ ಹತ್ತಿರ ಒಂದು ಮನೆ ಏಳುತ್ತಿದೆ ಎಂದಿಟ್ಟುಕೊಳ್ಳಿ. ಗೋಡೆಗೆ ಊರಿನದೇ ಕೆಂಪುಕಲ್ಲು, ಕೆಲಸಕ್ಕೆ ಬಂಟ್ವಾಳದ ಮೇಸ್ತ್ರಿ. ಎದುರು ಬಾಗಿಲು ಮಾತ್ರ ದುಬೈಯಲ್ಲಿರುವ ಮಗನ ಆಸೆ: ಕೆತ್ತನೆಯ ಮರದ ಬಾಗಿಲು, ಬಿಡಿಬಿಡಿಯಾಗಿ ಕಟ್ಟಿದ ದಾರಂದ, ಹಿತ್ತಾಳೆಯ ಬಿಜಾಗರಿ, ಬೀಗ. ಜೊತೆಗೆ ಬಾತ್‌ರೂಮಿಗೆಂದು ಕೆಲವು ಪೆಟ್ಟಿಗೆ ಟೈಲ್ಸು. ಕಳಿಸಿದವರು ಇನ್‌ವಾಯ್ಸಿನಲ್ಲಿ ಬರೆದದ್ದು ಒಂದೇ ಸಾಲು, ‘ಬಿಲ್ಡಿಂಗ್ ಮೆಟೀರಿಯಲ್’. ಒಕ್ಕಲಿಗೆ ಇಪ್ಪತ್ತೇ ದಿನ ಉಳಿದಿದೆ. ಸರಕು ಪಣಂಬೂರಿನ ಬಂದರಿನಲ್ಲಿ ನಿಂತಿದೆ.

ನಿಲ್ಲಿಸಿದ್ದು ಆ ಒಂದು ಸಾಲೇ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ 21 ವಿಭಾಗಗಳಿವೆ, ಅಧ್ಯಾಯಗಳ ಸಂಖ್ಯೆ 98ರವರೆಗೆ ಹೋಗುತ್ತದೆ. ಅಷ್ಟರಲ್ಲೂ ಹುಡುಕಿದರೆ ‘ಕಟ್ಟಡ ಸಾಮಗ್ರಿ’ ಎಂಬ ಶೀರ್ಷಿಕೆ ಸಿಗುವುದಿಲ್ಲ. ಕಾಯ್ದೆ ಕೇಳುವುದು ವಸ್ತು ಯಾವುದರಿಂದ ಮಾಡಿದ್ದು, ಎಷ್ಟು ಕೆಲಸ ಮುಗಿದಿದೆ, ಬಂದರಿಗೆ ಯಾವ ರೂಪದಲ್ಲಿ ಬಂದಿದೆ ಎಂದು. ಬಾಗಿಲು ಮರದ್ದಾದರೆ 4418, ಕಬ್ಬಿಣ–ಉಕ್ಕಿನದಾದರೆ 7308, ಅಲ್ಯೂಮಿನಿಯಂ ಆದರೆ 7610, ಪ್ಲಾಸ್ಟಿಕ್ ಆದರೆ 3925. ಸೆರಾಮಿಕ್ ಟೈಲ್ಸ್ 6907ರಲ್ಲಿದೆ. ನಮ್ಮ ಮಾಡಿನ ಹಂಚಿಗೂ ಅಲ್ಲೊಂದು ಮನೆ ಉಂಟು, 6905. ಪೂರ್ತಿ ಕೋಡಿನ ಎಂಟು ಅಂಕೆಗಳಲ್ಲಿ ಮೊದಲ ಆರು ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಪದ್ಧತಿಯವು, ಎಲ್ಲ ದೇಶಕ್ಕೂ ಒಂದೇ. ಕೊನೆಯ ಎರಡು ಭಾರತದ್ದು. ಆದ್ದರಿಂದ ದುಬೈಯ ಅಂಗಡಿ ಬರೆದುಕೊಟ್ಟ ಎಂಟಂಕಿಯ ಕೋಡನ್ನು ಹಾಗೆಯೇ ಇಲ್ಲಿ ನಕಲು ಮಾಡಬೇಡಿ.

ಕೆಲಸ ಎಷ್ಟು ಮುಗಿದಿದೆ ಎಂಬುದಕ್ಕೆ ಮರವೇ ಒಳ್ಳೆಯ ಉದಾಹರಣೆ. ದಿಮ್ಮಿಯಾಗಿ ಬಂದರೆ 4403, ಕೊಯ್ದ ಹಲಗೆಯಾದರೆ 4407, ಬಾಗಿಲಾದರೆ 4418. ಹಾಗಾದರೆ ಬಿಚ್ಚಿಟ್ಟ ದಾರಂದ ಹಲಗೆಯೋ, ಬಾಗಿಲಿನ ಚೌಕಟ್ಟೋ? ಪೆಟ್ಟಿಗೆ ಬಿಚ್ಚಿ ಒಂದು ತುಂಡನ್ನು ಕೈಗೆತ್ತಿಕೊಳ್ಳಿ. ತುದಿಯಲ್ಲಿ ನಾಲಗೆ ಕೊರೆದಿದೆ, ಅದು ಹೋಗಿ ಕೂರುವ ಗುಳಿ ಇನ್ನೊಂದು ತುಂಡಿನಲ್ಲಿದೆ. ಯಾವ ಆಚಾರಿಗೆ ತೋರಿಸಿದರೂ ನೋಡಿದ ಕೂಡಲೇ ‘ಇದು ದಾರಂದ’ ಎನ್ನುತ್ತಾರೆ. ಅಂತಾರಾಷ್ಟ್ರೀಯ ವಿವರಣಾ ಟಿಪ್ಪಣಿಗಳು ಹೇಳುವುದೂ ಅದನ್ನೇ: ಜೋಡಣೆಗೆ ಕೊರೆದು ಸಿದ್ಧಪಡಿಸಿದ, ಗುರುತು ಹಿಡಿಯಬಹುದಾದ ಬಿಡಿ ತುಂಡುಗಳೂ 4418ಕ್ಕೇ ಸೇರುತ್ತವೆ. ಬಾಗಿಲಿನ ಜೊತೆಗೇ ಬಂದ ಬಿಜಾಗರಿ, ಬೀಗಗಳೂ ಅದರ ಬೆನ್ನಿಗೇ ಹೋಗುತ್ತವೆ. ಅದೇ ಬಿಜಾಗರಿ ಮುಂದಿನ ತಿಂಗಳು ಬೇರೆ ಪಾರ್ಸೆಲಿನಲ್ಲಿ ಬಂದರೆ 8302, ಬೀಗ 8301. ಅಲ್ಯೂಮಿನಿಯಂ ಪಟ್ಟಿಗೂ ಇಂಥದೇ ಗೆರೆ ಇದೆ. ಬರಿಯ ಪ್ರೊಫೈಲ್ 7604, ಕಟ್ಟಡಕ್ಕೆ ಬೇಕಾದ ಹಾಗೆ ಕತ್ತರಿಸಿ ತೂತು ಕೊರೆದು ಸಿದ್ಧಪಡಿಸಿದ್ದು 7610.

ಅಂಗಡಿಯಲ್ಲಿ ಕರೆಯುವ ಹೆಸರನ್ನು ನಂಬಿದರೆ ಕೆಟ್ಟೆವು. ಬೆಳ್ತಂಗಡಿಯಲ್ಲಾಗಲಿ ಬಿ.ಸಿ. ರೋಡಿನಲ್ಲಾಗಲಿ ಜನ ‘ಮಾರ್ಬಲ್’ ಎನ್ನುವ ಮೂರು ವಸ್ತುಗಳನ್ನು ತೆಗೆದುಕೊಳ್ಳಿ. ಕೊರೆದು ಮೆರುಗು ಕೊಟ್ಟ ನಿಜ ಕಲ್ಲು 6802, ಪುಡಿ ಸೇರಿಸಿ ಅಚ್ಚು ಹೊಯ್ದ ಕೃತಕ ಕಲ್ಲು 6810, ಮಾರ್ಬಲ್ ಚಿತ್ತಾರದ ಸೆರಾಮಿಕ್ ಟೈಲ್ಸು 6907. ಸಂಶಯ ಬಂದಾಗ ಅರ್ಥ ಮಾಡಿಕೊಳ್ಳಲು ಆರು ಸಾಮಾನ್ಯ ನಿಯಮಗಳಿವೆ. ಮೊದಲನೆಯದರ ಪ್ರಕಾರ ಅಧ್ಯಾಯದ ಹೆಸರಿಗೆ ಕಾನೂನಿನ ಬಲವಿಲ್ಲ, ಶೀರ್ಷಿಕೆಯ ಪದ ಮತ್ತು ಟಿಪ್ಪಣಿಗಳೇ ಮುಖ್ಯ. ಬಿಚ್ಚಿ ತಂದದ್ದನ್ನೂ ಪೂರ್ತಿ ವಸ್ತುವಾಗಿಯೇ ನೋಡಬೇಕು ಎನ್ನುವುದು ಎರಡನೆಯದು. ವಿವಾದವನ್ನು ಅಂತಾರಾಷ್ಟ್ರೀಯ ಪದ್ಧತಿಯ ಬೆಳಕಿನಲ್ಲೇ ಆದಷ್ಟೂ ಬಗೆಹರಿಸಬೇಕು ಎಂದು ಸುಪ್ರೀಂ ಕೋರ್ಟ್ 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ಜಗಳವಿದ್ದದ್ದೂ ಮನೆ ಕಟ್ಟುವವರಿಗೆ ಗೊತ್ತಿರುವ ವಸ್ತುವಿನ ಮೇಲೆ, ಬ್ಲಾಕ್ ಬೋರ್ಡ್.

ದುಡ್ಡಿನ ಲೆಕ್ಕ ಹೀಗೆ. ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಎಂದಿಟ್ಟುಕೊಂಡರೆ, ಸುಂಕ 10,000. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 1,000. ಐಜಿಎಸ್‌ಟಿ ಬೀಳುವುದು ಇವೆರಡೂ ಸೇರಿದ 1,11,000ದ ಮೇಲೆ, ಅಂದರೆ 19,980. ಒಟ್ಟು 30,980. ಕೆಲವು ವಸ್ತುಗಳಿಗೆ ಇದರ ಮೇಲೆ ಆಂಟಿ ಡಂಪಿಂಗ್ ಸುಂಕವೂ ಬರುವುದುಂಟು, ಚೀನಾದ ವಿಟ್ರಿಫೈಡ್ ಟೈಲ್ಸ್‌ಗೆ ಹಿಂದೆ ಹಾಕಿದ್ದರು. ಬಿಐಎಸ್ ಗುರುತು ಕಡ್ಡಾಯವಾದ ವಸ್ತುಗಳ ಪಟ್ಟಿಯೂ ಕೋಡ್ ಹಿಡಿದೇ ಇರುತ್ತದೆ. ದರ, ಪಟ್ಟಿ ಎರಡೂ ಆಗಾಗ ಬದಲಾಗುವುದರಿಂದ ಸರಕು ಹತ್ತಿಸುವ ಮೊದಲೇ ಆ ದಿನದ್ದನ್ನು ನೋಡಿಕೊಳ್ಳಬೇಕು.

2011ರಿಂದ ಸುಂಕದ ಮೊದಲ ಲೆಕ್ಕ ಹಾಕುವ ಹೊಣೆ ಆಮದುದಾರನದೇ. ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯನ್ನು ಕಸ್ಟಮ್ಸ್ ಬ್ರೋಕರ್ ಕಡೆಯವರು ತುಂಬಿಸಿದರೂ ಕೋಡ್ ಆರಿಸಿದ್ದು ನೀವು ಎಂದೇ ಕಾನೂನು ನೋಡುತ್ತದೆ. ಸ್ವಂತ ಮನೆಗೆ ತರಿಸುವವರಿಗೆ ಆಮದು–ರಫ್ತು ಕೋಡ್ ಸಂಖ್ಯೆ ಬೇಡ, ಮಾರಲು ತರಿಸುವ ಗುತ್ತಿಗೆದಾರರಿಗೆ ಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. 2020ರಲ್ಲಿ ದೇಶದೆಲ್ಲೆಡೆ ಫೇಸ್‌ಲೆಸ್ ಪದ್ಧತಿ ಬಂದ ಮೇಲೆ ಪಣಂಬೂರಿನ ನಿಮ್ಮ ಕಡತವನ್ನು ನೋಡುವ ಅಧಿಕಾರಿ ಬೇರೆ ಊರಿನಲ್ಲಿರಬಹುದು. ಅವರ ಪ್ರಶ್ನೆ ಬರುವುದೂ ನಿಮ್ಮ ಉತ್ತರ ಹೋಗುವುದೂ ಆನ್‌ಲೈನಿನಲ್ಲೇ. ಕೌಂಟರಿಗೆ ಹೋಗಿ ಬಾಗಿಲನ್ನು ವರ್ಣಿಸಿ ಪ್ರಯೋಜನವಿಲ್ಲ. ದಾರಂದದ ಆ ನಾಲಗೆ, ಗುಳಿ ಕಾಣುವ ಹಾಗೆ ಫೋಟೋ, ಅಂಗಡಿಯ ಕ್ಯಾಟಲಾಗ್, ಯಾವ ಮರ ಎಂಬ ವಿವರ ಅಪ್‌ಲೋಡ್ ಮಾಡಿ.

ಅಧಿಕಾರಿ ನಿಮ್ಮ ಕೋಡ್ ಒಪ್ಪದೆ ಹೆಚ್ಚು ಸುಂಕದ ಕೋಡಿಗೆ ಹಾಕಿದರು ಎನ್ನಿ. ಜನ ಎಡವುವುದು ಇಲ್ಲಿ. ‘ಒಪ್ಪಿಗೆ ಪತ್ರಕ್ಕೆ ಸೈನ್ ಮಾಡಿ, ಇವತ್ತೇ ಬಿಡಿಸಿಕೊಡುತ್ತೇವೆ’ ಎನ್ನುತ್ತಾರೆ ಬ್ರೋಕರ್ ಕಡೆಯವರು, ಒಕ್ಕಲಿನ ಗಡಿಬಿಡಿಯಲ್ಲಿ ನಾವೂ ಸೈನ್ ಹಾಕುತ್ತೇವೆ. 1962ರ ಕಸ್ಟಮ್ಸ್ ಕಾಯ್ದೆಯ 17(5)ನೇ ಕಲಮನ್ನು ಆಗ ನೆನಪಿಸಿಕೊಳ್ಳಬೇಕು. ನೀವು ಬರಹದಲ್ಲಿ ಒಪ್ಪದಿದ್ದರೆ, ಮರುಲೆಕ್ಕ ಮಾಡಿದ 15 ದಿನದೊಳಗೆ ಅಧಿಕಾರಿ ಕಾರಣ ಸಹಿತ ಆದೇಶ ಕೊಡಲೇಬೇಕು. ಒಪ್ಪಿ ಬರೆದುಕೊಟ್ಟರೆ ಆ ಆದೇಶವೂ ಇಲ್ಲ, ಮುಂದೆ ವಾದಿಸಲು ಕೈಯಲ್ಲಿ ಬಲವೂ ಇಲ್ಲ. ಆದೇಶ ಬರುವ ತನಕ ಬಾಗಿಲು ಬಂದರಿನಲ್ಲೇ ಕೊಳೆಯಬೇಕೆಂದೇನೂ ಇಲ್ಲ. ಪ್ರತಿಭಟನೆಯೊಂದಿಗೆ ಎಂದು ಬರೆದು ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಹಾಗೆ ಕಟ್ಟಿದ್ದಕ್ಕೆ ಮರುಪಾವತಿಯ ಒಂದು ವರ್ಷದ ಗಡುವು ಅಡ್ಡ ಬರುವುದಿಲ್ಲ. ಪರೀಕ್ಷೆ, ದಾಖಲೆ ಬಾಕಿ ಇದ್ದರೆ 18ನೇ ಕಲಮಿನಡಿ ಬಾಂಡ್ ಕೊಟ್ಟು ತಾತ್ಕಾಲಿಕ ಲೆಕ್ಕದಲ್ಲಿ ಬಿಡಿಸಿಕೊಳ್ಳುವ ದಾರಿಯೂ ಇದೆ. ಸುಮ್ಮನೆ ಕೂತರೆ 30 ದಿನ ಕಳೆದ ಮೇಲೆ ನೋಟಿಸ್ ಕೊಟ್ಟು ಸರಕನ್ನೇ ಮಾರಲು ಅವಕಾಶವಿದೆ.

ಆದೇಶ ಕೈಸೇರಿದ 60 ದಿನದೊಳಗೆ ಕಮಿಷನರ್ (ಮೇಲ್ಮನವಿ) ಬಳಿ ಹೋಗಬೇಕು. ಸರಿಯಾದ ಕಾರಣವಿದ್ದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಇಲ್ಲ. ವಿವಾದದ ಸುಂಕದ ಶೇ. 7.5 ಮೊದಲೇ ಕಟ್ಟಿರಬೇಕು. ಅಲ್ಲಿ ಸೋತರೆ ಮೇಲ್ಮನವಿ ನ್ಯಾಯಮಂಡಳಿ ಸೆಸ್ಟಾಟ್‌ನ ಬೆಂಗಳೂರು ಪೀಠ. ವರ್ಗೀಕರಣದ ಜಗಳ ಅಲ್ಲಿಂದ ಹೈಕೋರ್ಟಿಗೆ ಹೋಗದೆ ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಮೇಲ್ಮನವಿಯ ತಂಟೆ ಬೇಡ, ಬರೀ ಹಣ ವಾಪಸ್ ಕೇಳೋಣ ಎಂದರೆ ಆಗದು. ಮೂಲ ಲೆಕ್ಕ ಬದಲಾಗದೆ ಮರುಪಾವತಿ ಇಲ್ಲ ಎಂದು ಐಟಿಸಿ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಕೋಡ್ ತಪ್ಪಿದ ಮಾತ್ರಕ್ಕೆ ಕಳ್ಳನಾಗುವುದಿಲ್ಲ ಎಂಬುದೂ ತಿಳಿದಿರಲಿ. ವಸ್ತುವನ್ನು ಇದ್ದ ಹಾಗೆ ವಿವರಿಸಿ ಪ್ರಾಮಾಣಿಕವಾಗಿ ಒಂದು ಶೀರ್ಷಿಕೆ ಕೇಳಿದ್ದರೆ ಅದು ಸುಳ್ಳು ಘೋಷಣೆಯಲ್ಲ ಎಂದು 1998ರ ನಾರ್ದರ್ನ್ ಪ್ಲಾಸ್ಟಿಕ್ ತೀರ್ಪು ಹೇಳುತ್ತದೆ. ವ್ಯತ್ಯಾಸ ಎಷ್ಟೆಂದರೆ, ಕಡಿಮೆ ಬಿದ್ದ ಸುಂಕಕ್ಕೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ನೋಟಿಸ್ ಬರಬೇಕು, ಬೇಕೆಂದೇ ಮುಚ್ಚಿಟ್ಟಿದ್ದರೆ ಐದು ವರ್ಷದವರೆಗೂ ಬರಬಹುದು. ಮೌಲ್ಯ ಕಡಿಮೆ ತೋರಿಸಿದವರಿಗೆ ಈ ಆಸರೆ ಸಿಗದು.

ದೊಡ್ಡ ಮೊತ್ತದ ಸರಕು ತರಿಸುವವರು ಮೊದಲೇ ತೀರ್ಮಾನ ಕೇಳಬಹುದು. ದೆಹಲಿ, ಮುಂಬೈಗಳಲ್ಲಿರುವ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ 10,000 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ ಮೂರು ತಿಂಗಳಲ್ಲಿ ತೀರ್ಮಾನ ಬರಬೇಕೆಂದು ಕಾಯ್ದೆಯಲ್ಲಿದೆ. ಒಂದು ಬಾಗಿಲಿಗೆ ಇದು ದುಬಾರಿ. ಪೂರ್ತಿ ಪ್ರಿಫ್ಯಾಬ್ ಮನೆಗೆ ದುಬಾರಿಯಲ್ಲ. ಅಂಥ ಮನೆ 9406ಕ್ಕೆ ಸೇರಬೇಕಾದರೆ ಅದರ ಭಾಗಗಳು ಒಟ್ಟಿಗೇ ಬಂದಿರಬೇಕು. ಗೋಡೆ ಈ ಹಡಗಿನಲ್ಲಿ, ಮಾಡು ಮುಂದಿನದರಲ್ಲಿ ಎಂದರೆ ಒಂದೊಂದಕ್ಕೂ ಬೇರೆ ಕೋಡ್ ಬೀಳುವ ಅಪಾಯವಿದೆ.

ಮೂಡುಬಿದಿರೆಯ ಆ ಬಾಗಿಲಿಗೆ ಬೇಕಿದ್ದ ಇನ್‌ವಾಯ್ಸ್ ಹೀಗಿರಬಹುದಿತ್ತು: ‘ಮರದ ಎದುರು ಬಾಗಿಲು ಒಂದು, ಅದರದೇ ದಾರಂದ, ಜೋಡಣೆಗೆ ಕೊರೆದ ಬಿಡಿ ತುಂಡುಗಳು ಇಷ್ಟು, ಅದರ ಬಿಜಾಗರಿ ಮತ್ತು ಬೀಗ ಸಹಿತ, ಬೆಲೆ ಇಷ್ಟು. ಸೆರಾಮಿಕ್ ಟೈಲ್ಸ್, ಅಳತೆ ಇಷ್ಟು, ಒಟ್ಟು ಇಷ್ಟು ಚದರ ಮೀಟರ್, ಬೆಲೆ ಇಷ್ಟು.’ ಮಗ ಅಂಗಡಿಯಲ್ಲಿ ನಿಂತಿದ್ದಾಗಲೇ ವಾಟ್ಸಾಪಿನಲ್ಲಿ ಇದನ್ನು ಕಳಿಸಿದ್ದರೆ ಸಾಕಿತ್ತು.