ಕಾಲುದಾರಿಗೆ ನೀರೇ ಶತ್ರು

ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೊರಗಿನವರು ಕಾಡೊಳಗೆ ಸುತ್ತುವಂತಿಲ್ಲ. ಹಾಗಾಗಿ ಊರವರು ನಡಿಗೆಯ ದಾರಿ ಮಾಡುವುದಾದರೆ ಮನೆ-ಗದ್ದೆಗಳ ನಡುವಿನ ಹಳೇ ಕಾಲುದಾರಿಯೇ ಸರಿ. ತೋರಿಸಲಿಕ್ಕೆ ಕಮ್ಮಿಯೇನು? ಕುಣಬಿಗಳ ಹಿತ್ತಲಿನ ಮುಡ್ಲಿ, ಗೆಣಸು, ಬತ್ತದ ಗದ್ದೆ. ದೇವರಕಾಡು ಸಿಕ್ಕರೆ ಅಂಚಿನಲ್ಲೇ ನಿಂತು ನೋಡಲಿ, ಒಳಗೆ ಬಿಡಬಾರದು.

ನಾನು ಮುಂಡಗೋಡ ಕಡೆಯ ಒಣಬೇಸಾಯದವ. ನಮ್ಮ ಹೊಲದಲ್ಲಿ ನೀರು ನಿಲ್ಲಲಿ ಅಂತ ಒಡ್ಡು ಹಾಕ್ತೇವೆ. ಇಲ್ಲಿ ನೀರು ಬೇಗ ದಾರಿ ಬಿಟ್ಟು ಹೋಗಬೇಕು. ಇಳಿಜಾರಿನಲ್ಲಿ ದಾರಿಯನ್ನು ನೆಟ್ಟಗೆ ಇಳಿಸಿದರೆ ಎರಡೇ ಮಳೆಗಾಲಕ್ಕೆ ಅದು ಹಳ್ಳ. ಬಳಸಿಕೊಂಡು ತನ್ನಿ. ಅಲ್ಲಲ್ಲಿ ಅಡ್ಡಲಾಗಿ, ತುಸು ಓರೆಯಾಗಿ ಕಲ್ಲು ಹೂತು ನೀರನ್ನು ತಗ್ಗಿನ ಬದಿಯ ಹುಲ್ಲಿಗೆ ತಿರುಗಿಸಿ. ಕಲ್ಲಿನ ಹಿಂದೆ ಕೂತ ಮಣ್ಣನ್ನು ಮಳೆಗೆ ಮುಂಚೆ ಎಳೆದು ಹಾಕದಿದ್ದರೆ ನೀರು ಕಲ್ಲು ಹತ್ತಿ ಮತ್ತೆ ದಾರಿಗೇ ಬರ್ತದೆ.

ಅಗಲ, ಒಬ್ಬರ ಹಿಂದೊಬ್ಬರು ನಡೆಯುವಷ್ಟು ಸಾಕು. ಜೀಪಿಗೆ ಆಗುವಷ್ಟು ಮಾಡಿದರೆ ಜೀಪು ಬಂದೇ ಬರ್ತದೆ!

ಯಾರ ಹಿತ್ತಲ ಪಕ್ಕ ದಾರಿ ಹೋಗ್ತದೋ ಅವರನ್ನು ಮೊದಲೇ ಕೇಳಿ, ಬಂದ ದುಡ್ಡಲ್ಲಿ ಅವರ ಪಾಲು ಬರೆದಿಡಿ. ದಾರಿ ಸವರುವ ಕೂಲಿಯನ್ನೂ ಅದರಲ್ಲೇ ತೆಗೆದಿಡಿ.