ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಬಾಗಿಲು ತೆರೆಯುತ್ತಿಲ್ಲ!



ನಮ್ಮ ಕನ್ನಡ ಶಾಲೆಯಲ್ಲೇ ಅ ಆ ಇ ಈ ಕಲಿತ ಒಬ್ಬ ಅಕ್ಕ ಈಗ ಅಬುಧಾಬಿಯ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ಬೇಸಿಗೆ ರಜೆಯಲ್ಲಿ ಅವಳು ಮೈಸೂರಿನ ಅಜ್ಜಿ ಮನೆಗೆ ಹೋಗಿದ್ದಳು. ಬೇಸಿಗೆ ಕೋರ್ಸಿನ ಪ್ರಾಜೆಕ್ಟ್ ವರದಿಯನ್ನು ಅಲ್ಲಿಂದಲೇ ಕಳಿಸಬೇಕಿತ್ತು. ಕೊನೆಯ ಗಡುವು ಇಲ್ಲಿನ ಸಮಯ ರಾತ್ರಿ 11:59, ಅಂದರೆ ಮೈಸೂರಿನಲ್ಲಿ ನಡುರಾತ್ರಿ ಕಳೆದು 1:29.

ಆ ರಾತ್ರಿ 11:05ಕ್ಕೆ ಅವಳ ಅಮ್ಮ ನನಗೆ ಫೋನ್ ಮಾಡಿದರು. "ಅಣ್ಣಾ, ಲಾಗಿನ್ ಆಗ್ತಾನೇ ಇಲ್ಲ. ಮಗು ಅಳ್ತಾ ಕೂತಿದಾಳೆ. ಪಾಸ್‌ವರ್ಡ್ ಮೆಸೇಜ್ ಮಾಡ್ತೀನಿ, ನೀವೇ ದುಬೈಯಿಂದ ಒಳಗೆ ಹೋಗಿ ವರದಿ ಹಾಕಿಬಿಡ್ತೀರಾ?"

ನಾನು "ಬೇಡಮ್ಮಾ, ಪಾಸ್‌ವರ್ಡ್ ಕಳಿಸ್ಬೇಡಿ. ಮಗುವಿಗೆ ಫೋನ್ ಕೊಡಿ" ಅಂದೆ. ಯಾಕೆ ಬೇಡ ಅಂದೆ, ಆಮೇಲೆ ಏನಾಯಿತು ಅನ್ನುವುದೇ ಇವತ್ತಿನ ಪಾಠ.

ಮೂರು ಪ್ರಶ್ನೆಗಳು

ನಿಮ್ಮ ಶಾಲೆಯ ಗೇಟನ್ನು ನೆನಪಿಸಿಕೊಳ್ಳಿ. ಸೆಕ್ಯೂರಿಟಿ ಮಾಮ ಮೊದಲು ನಿಮ್ಮ ಹೆಸರು ಕೇಳುತ್ತಾರೆ. ಆಮೇಲೆ ಐಡಿ ಕಾರ್ಡಿನ ಫೋಟೋ ನೋಡಿ, ಅದು ನೀವೇ ಹೌದಾ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಒಳಗೆ ಹೋದ ಮೇಲೂ ನೀವು ಪ್ರಾಂಶುಪಾಲರ ಕೋಣೆಗೆ ನುಗ್ಗುವ ಹಾಗಿಲ್ಲ, ತರಗತಿಗೆ ಮಾತ್ರ ಹೋಗಬಹುದು.

ಕಂಪ್ಯೂಟರ್ ಕೂಡ ಇದೇ ಮೂರು ಪ್ರಶ್ನೆ ಕೇಳುತ್ತದೆ.

1. ನೀನು ಯಾರು? ಇದು ಗುರುತು. ಯೂಸರ್ ನೇಮ್ ಇದಕ್ಕೆ ಉತ್ತರ.
2. ನೀನೇ ಅನ್ನುವುದಕ್ಕೆ ಏನು ಪುರಾವೆ? ಪಾಸ್‌ವರ್ಡ್, ಫೋನಿಗೆ ಬರುವ ಕೋಡ್, ಬೆರಳಚ್ಚು ಇದಕ್ಕೆ ಉತ್ತರ.
3. ಒಳಗೆ ಏನೇನು ಮಾಡಲು ನಿನಗೆ ಅನುಮತಿ ಇದೆ? ಇದಕ್ಕೆ ಉತ್ತರ ವಿಶ್ವವಿದ್ಯಾಲಯದ ದಾಖಲೆಯಲ್ಲಿರುತ್ತದೆ.

ಲಾಗಿನ್ ಆಗಲಿಲ್ಲ ಅಂದ ಕೂಡಲೇ ನಾವೆಲ್ಲ ಮಾಡುವ ತಪ್ಪು ಒಂದೇ: ಅದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಕುಟ್ಟುವುದು. ಹಾಗೆ ಮಾಡ್ಬೇಡಿ. ಮೂರರಲ್ಲಿ ಯಾವ ಪ್ರಶ್ನೆಯ ಹತ್ತಿರ ನಿಂತುಹೋಗಿದ್ದೀರಿ ಎಂದು ಮೊದಲು ಕಂಡುಹಿಡಿಯಿರಿ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಪಾಸ್‌ವರ್ಡ್ ಹುಟ್ಟಿದ್ದೂ ವಿಶ್ವವಿದ್ಯಾಲಯದಲ್ಲೇ

ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೋ ಕೋರ್ಬಟೋ ಮತ್ತು ಅವರ ಜೊತೆಗಾರರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಮಾಡಿದರು. ಯಾರ ಕಡತ ಯಾರದ್ದು ಎಂದು ಬೇರೆಬೇರೆಯಾಗಿ ಇಡಬೇಕಲ್ಲ? ಅದಕ್ಕೆ ಪಾಸ್‌ವರ್ಡ್ ಬಂತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ತೆಗೆದುಬಿಟ್ಟ! ಬೀಗ ಬಂದ ಮರುವರ್ಷವೇ ಬೀಗ ತೆಗೆಯುವವನೂ ಬಂದ. ಪಾಸ್‌ವರ್ಡ್ ಒಂದೇ ಸಾಲದು, ಎರಡನೆಯ ಪುರಾವೆಯೂ ಇರಲಿ ಎಂದು ಇವತ್ತು ಕೇಳುವುದು ಇಂಥ ಕಾರಣಕ್ಕೇ.

ಆ ರಾತ್ರಿ ಏನು ತಪ್ಪಾಗಿತ್ತು?

ನಾನು ಆ ಅಕ್ಕನಿಗೆ ಕೇಳಿದ ಮೊದಲ ಪ್ರಶ್ನೆ: "ಪರದೆ ಮೇಲೆ ಏನು ಬರೆದಿದೆ? ಒಂದಕ್ಷರ ಬಿಡದೆ ಓದಿ ಹೇಳು."

"ತುಂಬಾ ಸಲ ತಪ್ಪಾಗಿದೆ, 30 ನಿಮಿಷ ಬಿಟ್ಟು ಪ್ರಯತ್ನಿಸಿ ಅಂತಿದೆ ಅಂಕಲ್."

"ಅದಕ್ಕೆ ಮುಂಚೆ? ಪಾಸ್‌ವರ್ಡ್ ಪುಟ ದಾಟಿ ಮುಂದೆ ಹೋಗಿತ್ತಾ?"

"ಹೂಂ, ದಾಟಿತ್ತು. ಆಪ್‌ನಲ್ಲಿ ಬರೋ 6 ಅಂಕಿ ಹಾಕಿದ್ರೆ ತಪ್ಪು ಅಂತಿತ್ತು. ಐದಾರು ಸಲ ಹಾಕಿದೆ."

ನೋಡಿದಿರಾ? ಯೂಸರ್ ನೇಮ್ ಸರಿ, ಪಾಸ್‌ವರ್ಡೂ ಸರಿ. ಅವಳು ನಿಂತಿದ್ದದ್ದು ಎರಡನೆಯ ಪುರಾವೆಯ ಬಾಗಿಲಲ್ಲಿ. ಪಾಸ್‌ವರ್ಡ್ ನನಗೆ ಕೊಟ್ಟಿದ್ದರೂ ನಾನೂ ಅಲ್ಲೇ ನಿಲ್ಲುತ್ತಿದ್ದೆ!

ಆ 6 ಅಂಕಿ ಎಲ್ಲಿಂದ ಬರುತ್ತದೆ? ನಮ್ಮೂರಿನಲ್ಲಿ ಎರಡು ಮನೆಯವರು ಒಂದೇ ಪಂಚಾಂಗ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಇವತ್ತು ಯಾವ ತಿಥಿ ಎಂದು ಒಬ್ಬರನ್ನೊಬ್ಬರು ಕೇಳಬೇಕಾಗಿಲ್ಲ. ಇಬ್ಬರೂ ಅದೇ ದಿನದ ಪುಟ ತೆಗೆದರೆ ಇಬ್ಬರಿಗೂ ಅದೇ ತಿಥಿ ಸಿಗುತ್ತದೆ. ಆಪ್ ಮೊದಲ ಸಲ ಹಾಕಿಕೊಂಡಾಗ ಒಂದು ಚೌಕಾಕಾರದ ಕ್ಯೂಆರ್ ಚಿತ್ರವನ್ನು ಫೋನಿಗೆ ತೋರಿಸಿರುತ್ತೀರಿ. ಅದರೊಳಗೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಫೋನಿನ ಹತ್ತಿರವೂ ವಿಶ್ವವಿದ್ಯಾಲಯದ ಹತ್ತಿರವೂ ಇರುವ 'ಒಂದೇ ಪಂಚಾಂಗ' ಅದು. ಎರಡೂ ಕಡೆ ಆ ಗುಟ್ಟನ್ನು ಗಡಿಯಾರದ ಸಮಯದ ಜೊತೆ ಸೇರಿಸಿ ಲೆಕ್ಕ ಮಾಡಿ 6 ಅಂಕಿ ತೆಗೆಯುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಪುಟ ತಿರುಗುತ್ತದೆ, ಅಂಕಿ ಬದಲಾಗುತ್ತದೆ. ಫೋನಿಗೆ ಇಂಟರ್ನೆಟ್ ಇಲ್ಲದಿದ್ದರೂ ಇದು ನಡೆಯುತ್ತದೆ. ಆದರೆ ಗಡಿಯಾರ ಸರಿಯಾಗಿರಬೇಕು.

ಅವಳ ಫೋನಿನ ಗಡಿಯಾರ ಏನಾಗಿತ್ತು? ಬೆಂಗಳೂರಿನಲ್ಲಿ ಇಳಿದಾಗ ಫೋನ್ ಇನ್ನೂ ದುಬೈ ಸಮಯ ತೋರಿಸುತ್ತಿತ್ತಂತೆ. ಅವಳು ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿದ್ದಳು. ಊರಿನ ಆಯ್ಕೆ ಮಾತ್ರ 'ದುಬೈ' ಎಂದೇ ಉಳಿದಿತ್ತು. ಕಣ್ಣಿಗೆ ಸಮಯ ಸರಿಯಾಗಿ ಕಾಣುತ್ತಿತ್ತು. ಫೋನಿನ ಲೆಕ್ಕದಲ್ಲಿ ಮಾತ್ರ ದುಬೈಯಲ್ಲೇ ನಡುರಾತ್ರಿ ಕಳೆದುಹೋಗಿತ್ತು! ಒಂದೂವರೆ ಗಂಟೆ ಅಂದರೆ 90 ನಿಮಿಷ. ಅರ್ಧ ನಿಮಿಷಕ್ಕೊಂದು ಪುಟ ಅಂದರೆ ಅವಳ ಪಂಚಾಂಗ 180 ಪುಟ ಮುಂದೆ ಓಡಿತ್ತು. ಒಂದೆರಡು ಪುಟದ ವ್ಯತ್ಯಾಸವನ್ನು ಕಂಪ್ಯೂಟರ್ ಸಹಿಸಿಕೊಳ್ಳಬಹುದು, 180 ಪುಟವನ್ನಲ್ಲ.

ಇನ್ನೊಂದು ದಾರಿ ಇತ್ತು, ಎಸ್ಎಂಎಸ್ ಮೂಲಕ ಕೋಡ್ ತರಿಸಿಕೊಳ್ಳುವುದು. ಆದರೆ ಅದು ಹೋಗುವುದು ಇಲ್ಲಿನ ಸಿಮ್‌ಗೆ. ಆ ಸಿಮ್ ಅವರ ದುಬೈ ಮನೆಯ ಡ್ರಾಯರ್‌ನಲ್ಲಿ ಮಲಗಿತ್ತು!

'ಸ್ವಯಂಚಾಲಿತ ದಿನಾಂಕ ಮತ್ತು ಸಮಯ' ಅನ್ನುವ ಗುಂಡಿ ಒತ್ತಿಸಿದೆ. ಊರು ತಾನಾಗಿಯೇ ಭಾರತಕ್ಕೆ ಬದಲಾಯಿತು. ಪರದೆಯ ಮೇಲಿನ ಸಮಯ ಮಾತ್ರ ಮೊದಲಿದ್ದಂತೆಯೇ ಇತ್ತು. 30 ನಿಮಿಷ ಮುಗಿಯುವವರೆಗೆ ಏನನ್ನೂ ಮುಟ್ಟದೆ ಸುಮ್ಮನೆ ಕಾಯ್ದೆವು. ಅದೇ ಕಷ್ಟದ ಕೆಲಸ! 11:40ಕ್ಕೆ ಒಂದೇ ಒಂದು ಸಲ ಪ್ರಯತ್ನ ಮಾಡಿದಳು. ಬಾಗಿಲು ತೆರೆಯಿತು. 11:46ಕ್ಕೆ ವರದಿ ಸೇರಿತು. ಅಜ್ಜಿಗೂ ಆಮೇಲೆ ನಿದ್ದೆ ಬಂತಂತೆ.

ವಿಶ್ವವಿದ್ಯಾಲಯದ ಲ್ಯಾಬ್ ಕಂಪ್ಯೂಟರುಗಳಲ್ಲೂ ಗಡಿಯಾರದ ಮಾತು ಹೀಗೆಯೇ. ಅಲ್ಲಿ ಹೆಚ್ಚಾಗಿ ಬಳಸುವ ಕರ್ಬರೋಸ್ ಎಂಬ ವ್ಯವಸ್ಥೆಯೂ ಎಂಐಟಿಯಲ್ಲೇ, 1980ರ ದಶಕದಲ್ಲಿ ಹುಟ್ಟಿದ್ದು. ಗ್ರೀಕ್ ಕಥೆಯಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಎರಡು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಈ ನಾಯಿ ಒಳಗೆ ಬಿಡುವುದಿಲ್ಲ.

"ನೀನು ಯಾರ ಮನೆ ಮಗು?"

ಊರಿಗೆ ಹೋದಾಗ ದಾರಿಯಲ್ಲಿ ಸಿಕ್ಕ ಹಿರಿಯರು ನಿಮ್ಮನ್ನು ಏನು ಕೇಳ್ತಾರೆ? "ನೀನು ಯಾರ ಮನೆ ಮಗು?" ಮನೆ ಹೆಸರು ಹೇಳಿದರೆ ಸಾಕು, ಊರೆಲ್ಲ ನಿಮ್ಮದೇ.

ಎಡ್ಯುರೋಮ್ ಎಂಬ ವೈಫೈ ಜಾಲವೂ ಇದನ್ನೇ ಕೇಳುತ್ತದೆ. 2002ರಲ್ಲಿ ಯುರೋಪಿನಲ್ಲಿ ಮೊಳೆತ ಯೋಚನೆ ಇದು. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದಕ್ಕೆ ಹೋದರೂ ತನ್ನದೇ ಲಾಗಿನ್‌ನಿಂದ ಅಲ್ಲಿನ ವೈಫೈ ಬಳಸಬಹುದು. ಯುಎಇಯಲ್ಲಿ ಇದನ್ನು ನೋಡಿಕೊಳ್ಳುವ ಶಿಕ್ಷಣ ಜಾಲದ ಹೆಸರು ಅಂಕಬೂತ್. ಅರಬ್ಬಿ ತರಗತಿಯಲ್ಲಿ ಕಲಿತಿರುತ್ತೀರಿ, ಅಂಕಬೂತ್ ಅಂದರೆ ಜೇಡ! ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಅರ್ನೆಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಡ್ಯುರೋಮ್ ಇದೆ.

ಅಬುಧಾಬಿಯ ವಿದ್ಯಾರ್ಥಿ ಅಲ್ಲಿಗೆ ಹೋಗಿ ಲಾಗಿನ್ ಮಾಡಿದರೆ, ಬೆಂಗಳೂರಿನ ಕಂಪ್ಯೂಟರ್ ತಾನೇ ತೀರ್ಪು ಕೊಡುವುದಿಲ್ಲ. ಯೂಸರ್ ನೇಮಿನಲ್ಲಿ @ ಗುರುತಿನ ನಂತರ ಇರುವ ಹೆಸರು ನೋಡಿ, "ಓಹೋ, ಇದು ಆ ಮನೆಯ ಮಗು" ಎಂದು ಪ್ರಶ್ನೆಯನ್ನು ಅಬುಧಾಬಿಗೆ ಕಳಿಸುತ್ತದೆ. ಅಲ್ಲಿಂದ "ಹೌದು, ನಮ್ಮವಳೇ" ಎಂದು ಉತ್ತರ ಬಂದರೆ ಬಾಗಿಲು ತೆರೆಯುತ್ತದೆ. ಆದ್ದರಿಂದ @ ಮತ್ತು ಅದರ ಮುಂದಿನ ಭಾಗ ಬಿಟ್ಟು ಬರೀ ಹೆಸರು ಟೈಪ್ ಮಾಡಿದರೆ ಬೇರೆ ಊರಿನಲ್ಲಿ ಕೆಲಸ ಆಗುವುದಿಲ್ಲ. ಊರು, ತಾಲ್ಲೂಕು ಬರೆಯದ ಕಾಗದದಂತೆ ಅದು.

ಒಂದು ಎಚ್ಚರಿಕೆ. ಸೀತೆಯ ಮುಂದೆ ರಾವಣ ಬಂದದ್ದು ಸನ್ಯಾಸಿ ವೇಷದಲ್ಲಿ. ಹಾಗಾಗಿ ಮುಂದೆ ಹನುಮಂತ ಬಂದಾಗ ಅವಳು ಸುಲಭಕ್ಕೆ ನಂಬಲಿಲ್ಲ. ರಾಮನ ಉಂಗುರ ನೋಡಿದ ಮೇಲೆ ಪೂರ್ತಿ ನಂಬಿದಳು. ವೈಫೈಗೂ ಅಂಥ ಉಂಗುರ ಇದೆ, ಅದಕ್ಕೆ ಸರ್ಟಿಫಿಕೇಟ್ ಅನ್ನುತ್ತಾರೆ. ಯಾರು ಬೇಕಾದರೂ ಅದೇ ಹೆಸರಿನ ಸುಳ್ಳು ವೈಫೈ ಹಾಕಿ ಕೂರಬಹುದು. 'ಈ ಸರ್ಟಿಫಿಕೇಟ್ ನಂಬಬೇಕೇ?' ಎಂದು ಫೋನ್ ಕೇಳಿದರೆ, ವಿಶ್ವವಿದ್ಯಾಲಯ ಕೊಟ್ಟ ಸೂಚನೆಯ ಜೊತೆ ಹೋಲಿಸಿ ನೋಡಿ. ಸುಮ್ಮನೆ 'ಹೌದು' ಒತ್ತಬೇಡಿ.

ಲಾಗಿನ್ ಆಗದಿದ್ದಾಗ ಈ ಕ್ರಮದಲ್ಲಿ ನೋಡಿ

1. ಪರದೆಯ ಸಂದೇಶವನ್ನು ಪೂರ್ತಿ ಓದಿ. ಫೋಟೋ ತೆಗೆದಿಡಿ.

2. ಯೂಸರ್ ನೇಮ್ ಊಹಿಸಬೇಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಉದ್ದವಾಗಿರುತ್ತದೆ. ವಿಶ್ವವಿದ್ಯಾಲಯ ನಿಮಗೆ ಯಾವ ಹೆಸರು ಅಥವಾ ನಂಬರ್ ಕೊಟ್ಟಿದೆ ಎಂದು ಪ್ರವೇಶ ಪತ್ರದಲ್ಲಿ ನೋಡಿ.

3. ಕೀಬೋರ್ಡ್ ಯಾವ ಭಾಷೆಯಲ್ಲಿದೆ? ಇಲ್ಲಿನ ಲ್ಯಾಪ್‌ಟಾಪ್‌ಗಳಲ್ಲಿ ಅರಬ್ಬಿ ಇರುತ್ತದೆ, ನೀವು ಕನ್ನಡವನ್ನೂ ಹಾಕಿಕೊಂಡಿರುತ್ತೀರಿ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ತಪ್ಪು ತಿಳಿಯುವುದಿಲ್ಲ. ಕ್ಯಾಪ್ಸ್ ಲಾಕ್ ಕೂಡ ನೋಡಿ. ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಕಣ್ಣಿನ ಗುರುತು ಒತ್ತಿ ಪರೀಕ್ಷಿಸಿ.

4. ಗಡಿಯಾರ, ದಿನಾಂಕ, ಊರು ಮೂರೂ ಸರಿ ಇವೆಯಾ?

5. ಇತ್ತೀಚೆಗೆ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಬ್ಯಾಗಿನಲ್ಲಿರುವ ಟ್ಯಾಬ್ ಹಳೆಯ ಪಾಸ್‌ವರ್ಡನ್ನೇ ವೈಫೈಗೆ ಕೊಡುತ್ತಾ ಇರಬಹುದು. ನಿಮಗೆ ಗೊತ್ತಿಲ್ಲದೆ ಖಾತೆಗೆ ಬೀಗ ಬೀಳುತ್ತದೆ.

6. ನಿಮಗೆ ಮಾತ್ರ ಹೀಗಾ, ಎಲ್ಲರಿಗೂ ಹೀಗಾ? ಒಬ್ಬ ಗೆಳೆಯನನ್ನು ಕೇಳಿ. ಎಲ್ಲರಿಗೂ ಆಗಿದ್ದರೆ ನಿಮ್ಮ ತಪ್ಪಲ್ಲ.

7. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಮೂರು ಸಲ ಆಗಲಿಲ್ಲ ಅಂದರೆ ನಿಲ್ಲಿಸಿ, ಸಹಾಯ ಕೇಂದ್ರಕ್ಕೆ ಹೇಳಿ. ಯಾವಾಗ, ಎಲ್ಲಿ, ಯಾವ ಸಂದೇಶ, ಏನೇನು ಮಾಡಿ ನೋಡಿದಿರಿ ಎಂದು ಹೇಳಬೇಕು. ಪಾಸ್‌ವರ್ಡನ್ನೂ ಕೋಡನ್ನೂ ಹೇಳಬಾರದು. ನಿಜವಾದ ಸಹಾಯಕರು ಅದನ್ನು ಕೇಳುವುದಿಲ್ಲ.

ಪೋಷಕರಿಗೆ ಎರಡು ಮಾತು

ಮಕ್ಕಳು ಓದಲು ಬೆಂಗಳೂರಿಗೋ ಮಂಗಳೂರಿಗೋ ಹೊರಟಾಗ, ಅಥವಾ ನಾವೇ ಇಲ್ಲಿಂದ ಕೆಲಸ ಮುಗಿಸಿ ಊರಿಗೆ ಮರಳುವಾಗ, ಸಿಮ್ ರದ್ದು ಮಾಡುತ್ತೇವೆ. ಅದಕ್ಕೆ ಮುಂಚೆ ಎಲ್ಲ ಖಾತೆಗಳಲ್ಲೂ ಹೊಸ ನಂಬರ್ ಹಾಕಿಸಿ. ಇಲ್ಲದಿದ್ದರೆ ಕೋಡ್ ಇಲ್ಲದ ನಂಬರಿಗೆ ಹೋಗುತ್ತದೆ. ಮುಂದೆ ಆ ನಂಬರ್ ಬೇರೆಯವರಿಗೆ ಸಿಗಲೂಬಹುದು. ತುರ್ತಿಗೆಂದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಡಿ.

ಇನ್ನೊಂದು ಮಾತು. ಆ ರಾತ್ರಿ ಆ ತಾಯಿ ಪಾಸ್‌ವರ್ಡ್ ಕೊಡಲು ಮುಂದಾದದ್ದು ನನ್ನ ಮೇಲಿನ ನಂಬಿಕೆಯಿಂದ. ಆದರೆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಆ ಹೆಸರಿನಿಂದ ಬಂದದ್ದೆಲ್ಲ ಅವಳದೇ ಕೆಲಸ. ಅವಳ ಹೆಸರಿನಲ್ಲಿ ನಾನು ವರದಿ ಹಾಕಿದ್ದರೆ, ಅದು ಉಪಕಾರವೇ ಆದರೂ ಸುಳ್ಳೇ. ಗಾಬರಿಯಾದಾಗಲೇ ಮನುಷ್ಯ ಪಾಸ್‌ವರ್ಡ್ ಕೊಟ್ಟುಬಿಡುತ್ತಾನೆ, ಮೋಸಗಾರರು ಕಾಯುವುದೂ ಆ ಗಾಬರಿಯನ್ನೇ. ಹಾಗಾಗಿ ಮಕ್ಕಳಿಗೆ "ಲಾಗಿನ್ ಆಗಲಿಲ್ಲ ಅಂದ್ರೆ ಬಯ್ಯಲ್ಲ, ಮೊದಲು ನಮಗೆ ಹೇಳು" ಎಂದು ಧೈರ್ಯ ಕೊಡಿ.

ಮನೆಯಲ್ಲಿ ಮಾಡಿ ನೋಡಿ

ಅ) ದುಬೈಯಲ್ಲಿ ಸಂಜೆ 6 ಗಂಟೆಯಾದಾಗ ಹುಬ್ಬಳ್ಳಿಯಲ್ಲಿ ಎಷ್ಟು ಗಂಟೆ? ಆಗ ಲಂಡನ್ನಿನಲ್ಲಿ? (ಚಳಿಗಾಲದ ಲೆಕ್ಕ ಹಾಕಿ.)

ಆ) ಅಪ್ಪ ಅಥವಾ ಅಮ್ಮನ ಫೋನಿನಲ್ಲಿ 'ಸ್ವಯಂಚಾಲಿತ ಸಮಯ' ಎಲ್ಲಿದೆ ಎಂದು ಅವರ ಜೊತೆ ಕೂತು ಹುಡುಕಿ.

ಇ) ಗುರುತು, ಪುರಾವೆ, ಅನುಮತಿ, ಗಡುವು, ಖಾತೆ ಈ ಐದು ಪದಗಳನ್ನು ಬಳಸಿ ಐದು ವಾಕ್ಯ ಬರೆಯಿರಿ. ಮುಂದಿನ ವಾರ ತರಗತಿಗೆ ತನ್ನಿ, ಎಲ್ಲರೂ ಸೇರಿ ಓದೋಣ.